ಎಣ್ಣೆ ಹಚ್ಚಿದ ಕೈ

ಬಿಳಿಗೆರೆಯ ಗಿರಿಜಾಂಬಿಕಾಗೆ ರೂಪದ ಬಗ್ಗೆ ಜಂಬವಿರಲಿಲ್ಲ, ಒಡವೆಯ ಬಗ್ಗೆಯೂ ಇರಲಿಲ್ಲ. ಇದ್ದ ಜಂಬವೆಲ್ಲ ಕೊಬ್ಬರಿ ಎಣ್ಣೆಯ ಮೇಲೆ. ತಮ್ಮದೇ ತೋಟದ ಕಾಯಿ, ತಮ್ಮದೇ ಅಟ್ಟದ ಮೇಲೆ ಒಣಗಿದ ಕೊಬ್ಬರಿ. ಅದನ್ನು ತಾನೇ ಹೆಚ್ಚಿ, ಬಿಸಿಲಿಗೆ ಹಾಕಿ, ತಿಪಟೂರಿನ ಗಾಣದ ಮುಂದೆ ಕುಕ್ಕರುಗಾಲಲ್ಲಿ ಕೂತು, ಬೇರೆಯವರ ಕೊಬ್ಬರಿ ಒಂದು ಚೂರೂ ಬೆರೆಯದಂತೆ ಕಾವಲಿದ್ದು ಆಡಿಸಿಕೊಂಡು ಬಂದ ಎಣ್ಣೆ. ತಲೆಗೆ ಅದೇ, ಒಡೆದ ಹಿಮ್ಮಡಿಗೆ ಅದೇ, ಕರು ಹಾಕಿದ ಹಸುವಿನ ಕೆಚ್ಚಲಿಗೆ ಅದೇ, ಕಿರುಗುಟ್ಟುವ ಬಾಗಿಲಿಗೂ ಅದೇ. ಪೇಟೆಯ ಬಾಟಲಿ ಎಣ್ಣೆ ಹಚ್ಚಿಕೊಂಡ ತಲೆ ಕಂಡರೆ ಆಕೆಗೆ ಪಾಪ ಅನ್ನಿಸುತ್ತಿತ್ತು. ನಗಬೇಡಿ. ಆ ಸೀಮೆಯಲ್ಲಿ ಅರ್ಧ ಜನ ಹಾಗೇ ಇದ್ದಾರೆ. ಉಳಿದರ್ಧ ಜನ ಬಾಯಿಬಿಟ್ಟು ಹೇಳುವುದಿಲ್ಲ, ಅಷ್ಟೆ.

ಆಕೆಯ ಗಂಡ ಮರುಳಪ್ಪ ಅರವತ್ತು ದಾಟಿದವನು, ಆದರೆ ಅದನ್ನು ಒಪ್ಪಿಕೊಂಡವನಲ್ಲ. ಕೂಲಿಯವರು ಬರುವುದು ತಡವಾಯಿತೆಂದು ಒಂದು ದಿನ ಕೊಬ್ಬರಿ ಚೀಲವನ್ನು ತಾನೇ ಎತ್ತಿ ಹೆಗಲಿಗೆ ಹಾಕಿಕೊಳ್ಳಲು ಹೋದ. ತೊಡೆಯ ಸಂದಿನಲ್ಲಿ ಏನೋ ಜಾರಿದ ಹಾಗಾಯಿತು. ಸಂಜೆಯ ಹೊತ್ತಿಗೆ ಅಲ್ಲೊಂದು ಗಂಟು ಎದ್ದಿತ್ತು. ಹೆಂಡತಿಗೂ ಹೇಳದೆ ವಾರಗಟ್ಟಲೆ ಅದನ್ನು ಬಚ್ಚಿಟ್ಟುಕೊಂಡು ತಿರುಗಿದ. ಕೊನೆಗೆ ಹೆಜ್ಜೆ ಇಡಲಾಗದೆ ಬಾಯಿಬಿಟ್ಟ. ತಿಪಟೂರಿನ ನರ್ಸಿಂಗ್ ಹೋಮಿನಲ್ಲಿ ಹರ್ನಿಯಾ ಅಂದರು, ಆಪರೇಷನ್ ಆಗಲೇಬೇಕು ಅಂದರು.

ಆಪರೇಷನ್ನಿಗಿಂತ ದೊಡ್ಡ ತೊಡಕು ಬೇರೆ ಇತ್ತು. ಸಕ್ಕರೆ ಕಾಯಿಲೆಯಿಂದ ಮರುಳಪ್ಪನ ಕಿಡ್ನಿ ಸೋತಿತ್ತು. ಅರಿವಳಿಕೆ ಕೊಡುವ ಡಾಕ್ಟರ್ ರುದ್ರೇಶ್ ರಕ್ತಪರೀಕ್ಷೆಯ ರಿಪೋರ್ಟು ನೋಡಿ ಹುಬ್ಬು ಗಂಟಿಕ್ಕಿದರು.

"ನೋಡಿ ಅಮ್ಮ, ನೋವಿನ ಮಾತ್ರೆ, ಇಂಜೆಕ್ಷನ್ನು ಇವರಿಗೆ ಮನಸ್ಸಿಗೆ ಬಂದಷ್ಟು ಕೊಡೋ ಹಾಗಿಲ್ಲ. ಕಿಡ್ನಿ ತಡೆಯಲ್ಲ. ಅದಕ್ಕೆ ಒಂದು ಮಷೀನ್ ತರಿಸಿದ್ದೀವಿ. ಚೀನಾದವರು ನೋವಿಗೆ ಅಂತ ಮೈಮೇಲೆ ಕೆಲವು ಜಾಗ ಗುರುತು ಮಾಡಿ ಸೂಜಿ ಚುಚ್ತಾರಲ್ಲ, ಅದೇ ಜಾಗಕ್ಕೆ ಸೂಜಿ ಬದಲು ಪ್ಯಾಡ್ ಅಂಟಿಸಿ ಸಣ್ಣಗೆ ಕರೆಂಟ್ ಬಿಡೋದು. ಆಪರೇಷನ್‌ಗೆ ಮುಂಚೆ, ಆಪರೇಷನ್ ನಡೀತಿರೋವಾಗ, ಆಮೇಲೂ ಕೆಲವು ದಿನ. ನೋವು ಪೂರ್ತಿ ಹೋಗುತ್ತೆ ಅಂತ ನಾನು ಹೇಳಲ್ಲ. ಸ್ವಲ್ಪ ಕಮ್ಮಿ ಆದ್ರೂ ಅಷ್ಟು ಔಷಧಿ ಕಮ್ಮಿ ಮಾಡಬಹುದು."

"ಕರೆಂಟಾ!" ಮರುಳಪ್ಪ ಮಂಚದಿಂದ ಎದ್ದೇ ಕೂತ.

"ಪಂಪ್‌ಸೆಟ್ಟಿನ ಕರೆಂಟ್ ಅಲ್ಲ ಯಜಮಾನ್ರೇ, ಬ್ಯಾಟರಿದು," ಎಂದು ನಕ್ಕಳು ಡಾಕ್ಟರ ಪಕ್ಕದಲ್ಲಿ ನಿಂತಿದ್ದ ಹುಡುಗಿ.

ಅವಳೇ ದಿವ್ಯ. ಹುಳಿಯಾರಿನ ಕಡೆಯ ಗೊಲ್ಲರಹಟ್ಟಿಯವಳು, ಕುರಿ ಸಾಕುವವರ ಮನೆಯ ಹುಡುಗಿ. ಆ ಮಷೀನಿಗೆಂದೇ ತರಬೇತಿ ಕೊಡಿಸಿ ಅವಳನ್ನು ಇಟ್ಟುಕೊಂಡಿದ್ದರು. ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಮಷೀನು ಕೆಲಸ ಮಾಡಿದರೆ ಅದೂ ಉಳಿಯುತ್ತದೆ, ಅವಳೂ ಉಳಿಯುತ್ತಾಳೆ, ಇಲ್ಲವಾದರೆ ಎರಡನ್ನೂ ಕಳಿಸುತ್ತಾರೆ ಎಂದು ವಾರ್ಡಿನ ನರ್ಸುಗಳು ಮಾತಾಡಿಕೊಳ್ಳುತ್ತಿದ್ದರು. ದಿವ್ಯ ಮರುಳಪ್ಪನ ಕೈ ಹಿಡಿದು ಹೆಬ್ಬೆರಳು ತೋರುಬೆರಳಿನ ನಡುವಿನ ಜಾಗ ತೋರಿಸಿದಳು, ಮುಂಗೈಯ ಒಳಬದಿ ತೋರಿಸಿದಳು, ಮೊಣಕಾಲಿನ ಕೆಳಗೆ ಒತ್ತಿ ತೋರಿಸಿದಳು. ಆಮೇಲೆ ಗಿರಿಜಾಂಬಿಕಾ ಕಡೆ ತಿರುಗಿದಳು.

"ನಾಳೆ ಬೆಳಿಗ್ಗೆ ಸೋಪ್ ಹಾಕಿ ಸ್ನಾನ ಮಾಡ್ಸಿ ಅಮ್ಮ. ಮೈಗೆ ಎಣ್ಣೆ, ಮುಲಾಮು, ಪೌಡರು ಏನೂ ಹಚ್ಬೇಡಿ."

"ಆಯ್ತು ಕಣಮ್ಮಿ," ಅಂದಳು ಗಿರಿಜಾಂಬಿಕಾ. ಹೇಳಿದ್ದು ಕೇಳಿಸಿತ್ತು, ಅರ್ಥವೂ ಆಗಿತ್ತು. ಅದು ಬೇರೆಯವರಿಗೆ ಹೇಳುವ ಮಾತು ಅನ್ನಿಸಿತು, ಅಷ್ಟೆ.

ಮಾರನೆಯ ಬೆಳಿಗ್ಗೆ ಆಸ್ಪತ್ರೆಯ ಬಚ್ಚಲಿನಿಂದ ಮರುಳಪ್ಪ ಹೊರಗೆ ಬಂದಾಗ ಅವನ ಕೈಕಾಲು ಸೋಪಿಗೆ ಬೂದಿ ಬಳಿದ ಹಾಗೆ ಬೆಳ್ಳಗಾಗಿದ್ದವು. ಗಿರಿಜಾಂಬಿಕಾಗೆ ನೋಡಲಾಗಲಿಲ್ಲ. ಆಕೆಯ ತವರಿನಲ್ಲಿ ಹೆರಿಗೆಗೆ ಹೋಗುವವಳಿರಲಿ, ಕೋರ್ಟಿಗೆ ಹೋಗುವವನಿರಲಿ, ಕಷ್ಟದ ಕೆಲಸಕ್ಕೆ ಹೊರಟವರ ನೆತ್ತಿಗೆ, ಅಂಗೈಗೆ, ಅಂಗಾಲಿಗೆ ಎಣ್ಣೆ ಮುಟ್ಟಿಸದೆ ಕಳಿಸುತ್ತಿರಲಿಲ್ಲ. ಚಾಕುವಿನ ಕೆಳಗೆ ಮಲಗುವವನನ್ನು ಒಣಮೈಯಲ್ಲಿ ಕಳಿಸುವುದೆ? ಬ್ಯಾಗಿನಿಂದ ಬಾಟಲಿ ತೆಗೆದಳು. ಚೂರೇ ಚೂರು ಎಂದುಕೊಂಡೇ ಹಚ್ಚಿದಳು. ಆದರೆ ಆಕೆಯ ಚೂರಿನ ಅಳತೆ ಆಕೆಯದೇ. ಅಂಗೈಯಿಂದ ಹೊರಟದ್ದು ಮೊಣಕೈ ಮುಟ್ಟಿತು, ಅಂಗಾಲಿನಿಂದ ಹೊರಟದ್ದು ಮೊಣಕಾಲು ದಾಟಿತು.

"ಆ ಹುಡ್ಗಿ ಬ್ಯಾಡ ಅಂದ್ಲಲ್ಲೇ," ಅಂದ ಮರುಳಪ್ಪ.

"ಸುಮ್ನಿರ್ರೀ. ನಮ್ ಎಣ್ಣೆಯಿಂದ ಯಾರಿಗೆ ಏನಾಗೈತೆ?"

ಆಪರೇಷನ್ ಚೆನ್ನಾಗಿಯೇ ಆಯಿತು. ಚೆನ್ನಾಗಿ ಆಗದಿದ್ದದ್ದು ಮಷೀನು. ಡಾಕ್ಟರ್ ರುದ್ರೇಶ್ ಥಿಯೇಟರಿನಿಂದ ಹೊರಗೆ ಬಂದು ಟೋಪಿ ತೆಗೆಯುತ್ತ, "ಪ್ಯಾಡು ಒಂದು ಸಲವೂ ಸರಿಯಾಗಿ ಕೂರಲಿಲ್ಲ ಅಮ್ಮ. ಮಷೀನು ಬೀಪ್ ಬೀಪ್ ಅಂತಲೇ ಇತ್ತು. ಕೊನೆಗೆ ಮಾಮೂಲಿ ಔಷಧಿನೇ ಜಾಸ್ತಿ ಕೊಡಬೇಕಾಯ್ತು," ಅಂದರು. ಅದರ ಫಲವಾಗಿ ಮರುಳಪ್ಪ ಮಧ್ಯಾಹ್ನವೆಲ್ಲ ವಾಂತಿ ಮಾಡಿದ. ಒಂದೊಂದು ವಾಂತಿಗೂ ಹೊಲಿಗೆ ಎಳೆದು, ಬಾಯಲ್ಲಿ ಟವೆಲ್ಲು ಕಚ್ಚಿಕೊಂಡು ಕಣ್ಣೀರು ಹಾಕಿದ. ಗಂಡ ಅತ್ತದ್ದನ್ನು ಗಿರಿಜಾಂಬಿಕಾ ಅದಕ್ಕೆ ಮುಂಚೆ ನೋಡಿರಲಿಲ್ಲ. ಅವನ ಬೆನ್ನು ಸವರುತ್ತ ತಾನೂ ಅತ್ತಳು.

ವಾರ್ಡಿನ ಪಕ್ಕದ ಮಂಚದಲ್ಲಿ ಮಾಯಸಂದ್ರದ ಗಂಗಾಧರಯ್ಯ ಇದ್ದರು. ರಿಟೈರಾದ ಮೇಷ್ಟ್ರು. ಅದೇ ದಿನ, ಅದೇ ಹರ್ನಿಯಾ, ಅದೇ ಥರದ ಮಷೀನು. ಆದರೆ ಮೇಷ್ಟ್ರು ಸಂಜೆಗೆಲ್ಲ ದಿಂಬಿಗೆ ಒರಗಿ ಪೇಪರು ಓದುತ್ತಿದ್ದರು. ಮಾರನೆಯ ಬೆಳಿಗ್ಗೆ ಇಡ್ಲಿಗೆ ಚಟ್ನಿ ಸಾಲದು ಎಂದು ಹೆಂಡತಿಯ ಹತ್ತಿರ ಜಗಳ ಕಾದರು. "ನೋವು ಐತೆ ಕಣ್ರಿ, ಇಲ್ಲ ಅಂತ ಅಲ್ಲ. ದೂರದಲ್ಲೆಲ್ಲೋ ಐತೆ," ಎಂದು ಕೇಳಿದವರಿಗೆಲ್ಲ ಹೇಳುತ್ತಿದ್ದರು. ಅದನ್ನು ಕೇಳಿ ಕೇಳಿ ಗಿರಿಜಾಂಬಿಕಾಗೆ ಹೊಟ್ಟೆ ಉರಿಯಿತು. ಸಾಲದ್ದಕ್ಕೆ ಆ ಹೊತ್ತಿಗೆ ನಾದಿನಿ ಶಿವಗಂಗಮ್ಮ ನೊಣವಿನಕೆರೆಯಿಂದ ಬಂದು ಅಣ್ಣನ ಕಾಲ ಬಳಿ ಕೂತಿದ್ದಳು. ಗಿರಿಜಾಂಬಿಕಾ ಮದುವೆಯಾಗಿ ಬಂದ ದಿನದಿಂದ, ನನ್ನ ಅಣ್ಣನನ್ನು ಇವಳು ಹೇಗೆ ನೋಡಿಕೊಳ್ಳುತ್ತಾಳೆ ಎಂದು ತೂಕ ಹಾಕುತ್ತಲೇ ಬಂದ ನಾದಿನಿ.

ದಿವ್ಯ ಬಂದಳು. ಹತ್ತಿಯನ್ನು ಸ್ಪಿರಿಟ್ಟಿಗೆ ಅದ್ದಿ ಕೈಕಾಲು ತಿಕ್ಕಿದಳು, ಪ್ಯಾಡು ಅಂಟಿಸಿದಳು, ಗುಂಡಿ ತಿರುಗಿಸಿದಳು. "ಜುಮ್ ಅಂದ್ರೆ ಹೇಳಿ. ಉರಿ ಆದ್ರೆ ಹೇಳಿ," ಅಂದು ಬೇರೆ ರೋಗಿಗಳ ಕಡೆ ಹೋದಳು. ಸ್ಪಿರಿಟ್ಟು ಆರಿದ ಜಾಗದಲ್ಲಿ ಗಂಡನ ಚರ್ಮ ಮತ್ತೆ ಬೆಳ್ಳಗೆ ಬಿರಿದ ಹಾಗೆ ಕಂಡಿತು. ದಿವ್ಯ ಬೆನ್ನು ಹಾಕುವುದನ್ನೇ ಕಾದಿದ್ದು ಗಿರಿಜಾಂಬಿಕಾ ಅಂಗೈಗೆ ನಾಲ್ಕು ಹನಿ ಸುರಿದುಕೊಂಡಳು. ಪ್ಯಾಡಿನ ಸುತ್ತ ಸವರಿದಳು; ಅಂಚು ಎದ್ದಿದ್ದ ಕಡೆ ಬೆರಳು ತೂರಿಸಿ ಒಳಗೂ ಸವರಿದಳು. ಒಬ್ಬಳು ಒರೆಸುವುದು, ಇನ್ನೊಬ್ಬಳು ಹಚ್ಚುವುದು. ಇದು ಹೊತ್ತು ಹೊತ್ತಿಗೂ ನಡೆಯಿತು. ನಡುವೆ ಸಿಕ್ಕಿ ನರಳಿದವನು ಮರುಳಪ್ಪ.

ಸಂಜೆ ಪ್ಯಾಡು ಮತ್ತೆ ಜಾರಿ ಹಾಸಿಗೆಗೆ ಬಿದ್ದಾಗ ದಿವ್ಯ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು.

"ಏನಾದ್ರೂ ಹಚ್ಚಿದ್ದೀರಾ ಅಮ್ಮ?"

ವಾಸನೆಯಿಂದಲೇ ತಿಳಿಯಬಾರದಿತ್ತೆ ಎಂದು ನೀವು ಕೇಳಬಹುದು. ಆ ವಾರ್ಡಿನಲ್ಲಿ ಕೊಬ್ಬರಿ ಎಣ್ಣೆ ವಾಸನೆ ಇಲ್ಲದ ಮನುಷ್ಯ ಯಾರಿದ್ದರು? ದಿವ್ಯಳ ಜಡೆಗೂ ಅದೇ ವಾಸನೆ. ಅದನ್ನು ಅಲ್ಲಿಯ ಮೂಗುಗಳು ಲೆಕ್ಕಕ್ಕೇ ಹಿಡಿಯುವುದಿಲ್ಲ.

ಹೌದು ಅನ್ನಬಹುದಿತ್ತು. ಒಂದು ಮಾತು ಬೈಸಿಕೊಂಡರೆ ಮುಗಿಯುತ್ತಿತ್ತು. ಆದರೆ ಬೈಯುವವಳು ತನ್ನ ಮಗಳ ವಯಸ್ಸಿನ ಹುಡುಗಿ, ಕೇಳಿಸಿಕೊಳ್ಳಲು ಕೂತವಳು ಶಿವಗಂಗಮ್ಮ. ಗಿರಿಜಾಂಬಿಕಾ ಬಾಯಿಗೆ ಸುಳ್ಳು ತಾನಾಗಿಯೇ ಬಂತು.

"ಇಲ್ಲ ಕಣಮ್ಮಿ. ಬೆವರು ಅದು. ನಮ್ಮೋರಿಗೆ ಮೊದ್ಲಿಂದ ಬೆವರು ಜಾಸ್ತಿ."

ಮರುಳಪ್ಪ ತಿರುಗುವ ಫ್ಯಾನನ್ನು ನೋಡುತ್ತ ಮಲಗಿದ್ದ.

ಅದರ ಮರುದಿನ ಬೆಳಿಗ್ಗೆ ಆಗಬಾರದ್ದು ಆಯಿತು. ಅರ್ಧ ಎದ್ದಿದ್ದ ಪ್ಯಾಡಿನ ಮೂಲೆಯಲ್ಲೇ ಕರೆಂಟು ಒಟ್ಟಾಗಿ ಹರಿದು ಮುಳ್ಳು ಚುಚ್ಚಿದ ಹಾಗಾಗಿ ಮರುಳಪ್ಪ ಕಿಟಾರನೆ ಕಿರುಚಿ ಕೈ ಕೊಡವಿದ. ಕೊಡವಿದ ರಭಸಕ್ಕೆ ಹೊಟ್ಟೆಯ ಕೆಳಗೆ ಹೊಲಿಗೆ ಜಗ್ಗಿತು. ದಿವ್ಯ ಓಡಿಬಂದು ಮಷೀನು ನಿಲ್ಲಿಸಿದಳು. ಪಕ್ಕದಲ್ಲಿ ಮೇಷ್ಟ್ರು ಕೈಗೆ ಪ್ಯಾಡು ಅಂಟಿಸಿಕೊಂಡೇ ಕಾಫಿ ಕುಡಿಯುತ್ತಿದ್ದರು. ಅದನ್ನು ಕಂಡು ಗಿರಿಜಾಂಬಿಕಾ ತಡೆಯಲಾರದೆ ಹೋದಳು.

"ಏನಮ್ಮಿ ನೀನು! ಅವ್ರಿಗೆ ನೆಟ್ಟಗೆ ಅಂಟಿಸ್ತೀಯ, ನಮ್ಮೋರಿಗೆ ಮಾತ್ರ ಯಾಕೆ ಹಿಂಗೆ? ಮನುಷ್ಯನ್ನ ಸಾಯಿಸ್ಬೇಕು ಅಂತ ಮಾಡಿದೀಯಾ? ಕುರಿ ಹಿಂದೆ ತಿರುಗೋ ಹಟ್ಟಿಯೋರ ಕೈಗೆ ಕರೆಂಟ್ ಕೊಟ್ರೆ ಇನ್ನೇನಾಯ್ತದೆ!"

ದಿವ್ಯಳ ಕೈ ಗುಂಡಿಯ ಮೇಲೇ ನಿಂತುಹೋಯಿತು. ಬಾಗಿಲಲ್ಲಿ ಡಾಕ್ಟರ್ ರುದ್ರೇಶ್ ನಿಂತಿದ್ದರು. ಮಷೀನು ತರಿಸಿ ನಗೆಪಾಟಲಾಗುವ ಭಯ ಅವರಿಗೂ ಇತ್ತೆಂದು ಕಾಣುತ್ತದೆ. ಹಿಂದೆ ಮುಂದೆ ವಿಚಾರಿಸದೆ, "ದಿವ್ಯ, ನೀನು ಸದ್ಯಕ್ಕೆ ಕೆಳಗೆ ರಿಸೆಪ್ಷನ್ನಲ್ಲಿ ಕೂತಿರು. ನಿನ್ನ ವಿಷಯ ಸೋಮವಾರ ಮಾತಾಡೋಣ," ಅಂದರು. ಅವಳು ಟ್ರೇ ಅಲ್ಲೇ ಇಟ್ಟು ಹೊರಟುಹೋದಳು.

"ಸರಿಯಾಗಿ ಅಂದೆ ಬುಡು ಅತ್ಗೆ," ಅಂದಳು ಶಿವಗಂಗಮ್ಮ. ಅಷ್ಟು ವರ್ಷದಲ್ಲಿ ನಾದಿನಿ ಬಾಯಿಂದ ಬಂದ ಮೊದಲ ಹೊಗಳಿಕೆ ಅದು. ಗಿರಿಜಾಂಬಿಕಾಗೆ ಹಿತವಾಯಿತು. ಹೌದು, ಹಿತವಾಯಿತು. ಅದನ್ನೂ ಹೇಳಬೇಕಲ್ಲ.

ಮಧ್ಯಾಹ್ನ ನೋವು ಮತ್ತೆ ಏರಿತು. ಮಾತ್ರೆ ಕೊಡುವ ಹೊತ್ತು ಇನ್ನೂ ಆಗಿರಲಿಲ್ಲ. ಡಾಕ್ಟರು ಥಿಯೇಟರಿನಲ್ಲಿದ್ದರು, ಮಷೀನು ಗೊತ್ತಿದ್ದವರು ಮೇಲೆ ಬೇರೆ ಯಾರೂ ಇರಲಿಲ್ಲ. ಶಿವಗಂಗಮ್ಮ ಊಟ ಮಾಡಿ ಬರಲು ಹೋಟೆಲಿಗೆ ಹೋಗಿದ್ದಳು. ಮರುಳಪ್ಪ ಹಾಸಿಗೆಯ ಅಂಚು ಹಿಡಿದು, "ನೀನೇ ಅಂಟ್ಸೇ. ನೋಡಿದೀಯಲ್ಲ. ನಂಗೆ ತಡಿಯಕ್ಕಾಗ್ತಿಲ್ಲ," ಅಂದ.

ಗಿರಿಜಾಂಬಿಕಾ ಪ್ಯಾಡು ತೆಗೆದುಕೊಂಡು ಮುಂಗೈಗೆ ಒತ್ತಿದಳು. ಅದು ಜಾರಿತು. ಇನ್ನೊಮ್ಮೆ ಒತ್ತಿದಳು. ಬೆರಳಿನಡಿಯಲ್ಲೇ ಮೀನಿನ ಹಾಗೆ ನುಣುಚಿತು. ಸೆರಗಿನಿಂದ ಗಂಡನ ಕೈ ಒರೆಸಿದಳು. ಸೆರಗಿನ ಬಿಳಿ ಅಂಚು ನೆನೆದು ಆಚೆಯದು ಕಾಣುವಷ್ಟು ತೆಳ್ಳಗಾಯಿತು. ಬೆವರು ಹಾಗೆ ಮಾಡುವುದಿಲ್ಲ. ಆ ಕಲೆ ಆಕೆಗೆ ಚೆನ್ನಾಗಿ ಗೊತ್ತು. ಗಾಣಕ್ಕೆ ಹೋಗಿ ಬಂದ ಪ್ರತಿ ಸಲ ಸೀರೆಯ ಮೇಲೆ ಅದೇ ಕಲೆ.

ಸುಮ್ಮನೆ ಎದ್ದು ಹೋಗಿ ಮಗ್ಗಿನಲ್ಲಿ ನೀರು ತಂದಳು, ಸೋಪು ತಂದಳು. ಗಂಡನ ಕೈ ತೊಳೆದಳು, ಕಾಲು ತೊಳೆದಳು, ತನ್ನ ಕೈಯನ್ನೂ ತೊಳೆದುಕೊಂಡಳು. ಒಣ ಟವೆಲ್ಲಿನಿಂದ ಒರೆಸಿ, ದಿವ್ಯ ಟ್ರೇಯಲ್ಲಿ ಬಿಟ್ಟುಹೋಗಿದ್ದ ಹೊಸ ಪ್ಯಾಡುಗಳನ್ನು ಬಿಚ್ಚಿ ಒಂದೊಂದಾಗಿ ಇಟ್ಟಳು. ಇಟ್ಟಲ್ಲೇ ಕೂತವು. ಎಳೆದು ನೋಡಿದರೆ ಚರ್ಮವೇ ಜೊತೆಗೆ ಎದ್ದು ಬಂತು. ಹೆದರುತ್ತ ಹೆದರುತ್ತ ಗುಂಡಿ ತಿರುಗಿಸಿದಳು. ಮಷೀನು ಒಂದು ಸಲವೂ ಬೀಪ್ ಎನ್ನಲಿಲ್ಲ.

"ಹಾಂ," ಅಂದ ಮರುಳಪ್ಪ. "ಜುಮ್ ಅಂತೈತೆ. ಇನ್ನೊಂಚೂರು ತಿರುಗ್ಸು. ಸಾಕು, ಸಾಕು."

ಗಿರಿಜಾಂಬಿಕಾ ಸ್ಟೂಲಿನ ಮೇಲೆ ಕೂತು ಗಂಡನ ಮುಖ ನೋಡುತ್ತಿದ್ದಳು. ಸ್ವಲ್ಪ ಹೊತ್ತಿಗೆ ಹುಬ್ಬಿನ ಗಂಟು ಸಡಿಲವಾಯಿತು. ಹಾಸಿಗೆಯ ಅಂಚು ಹಿಡಿದಿದ್ದ ಬೆರಳು ಬಿಚ್ಚಿಕೊಂಡವು. ಆಮೇಲೆ ಅವನು ಬಾಯಿ ತೆರೆದುಕೊಂಡು ನಿದ್ದೆಹೋದ, ಆಪರೇಷನ್ ಆದಮೇಲೆ ಮೊದಲ ಸಲ. ಖುಷಿಪಡಬೇಕಾದ ಹೊತ್ತು. ಆದರೆ ಗಂಡನ ಮುಖ ತಿಳಿಯಾದಷ್ಟೂ ಆಕೆಯ ತಪ್ಪು ನಿಚ್ಚಳವಾಗುತ್ತಿತ್ತು. ಅಷ್ಟು ನೋವನ್ನೂ ತಿನ್ನಿಸಿದವಳು ತಾನು. ಅವನು ಟವೆಲ್ಲು ಕಚ್ಚಿಕೊಂಡು ಅತ್ತದ್ದು ತನ್ನ ಕೈಯಿಂದ, ತನ್ನ ಪ್ರೀತಿಯಿಂದ. ನಾಚಿಕೆಗೆ ಮೈಯೆಲ್ಲ ಹಿಡಿಯಾಯಿತು. ಆ ಕ್ಷಣಕ್ಕೆ ಯಾರಾದರೂ ಬಂದು ಕಪಾಳಕ್ಕೆ ಬಾರಿಸಿದ್ದರೆ ಒಳ್ಳೆಯದಿತ್ತು.

ಬಂದವರು ಬಾರಿಸಲಿಲ್ಲ, ಹೊಗಳಿದರು. ಮೊದಲು ಎಚ್ಚರವಾದ ಗಂಡ, "ನಿನ್ ಕೈಗುಣ ನೋಡು. ಆ ಹುಡ್ಗಿ ಕೈಲಿ ಆಗ್ದಿದ್ದು ನಿನ್ ಕೈಲಾಯ್ತು," ಅಂದ. ಊಟ ಮುಗಿಸಿ ಬಂದ ಶಿವಗಂಗಮ್ಮ ಕಣ್ಣರಳಿಸಿ ವಾರ್ಡಿಗೆಲ್ಲ ಕೇಳುವ ಹಾಗೆ, "ನಮ್ಮ ಅತ್ಗೆ ಏಳನೇ ಕ್ಲಾಸು ಓದಿರಾದು ಕಣ್ರೀ. ಟ್ರೇನಿಂಗ್ ಆದೋಳಿಗಿಂತ ವಾಸಿ!" ಅಂದಳು. ಕೊನೆಗೆ ಡಾಕ್ಟರ್ ರುದ್ರೇಶ್ ಬಂದು, ಪ್ಯಾಡು ಮುಟ್ಟಿ ನೋಡಿ, ಮಷೀನು ನೋಡಿ, ಸಮಾಧಾನದ ಉಸಿರು ಬಿಟ್ಟರು.

"ಹಾಗಾದ್ರೆ ಮಷೀನು ಸರಿಯಾಗೇ ಇದೆ. ಅಂಟಿಸೋರ ಕೈಯಲ್ಲೇ ದೋಷ. ಒಳ್ಳೇದಾಯ್ತು, ಗೊತ್ತಾಯ್ತಲ್ಲ. ಬೇರೆ ಹುಡುಗೀನ ನೋಡೋಣ."

ಗಿರಿಜಾಂಬಿಕಾ ಬಾಯಿ ತೆರೆದಳು. ನಾದಿನಿ ಕಣ್ಣು ತನ್ನ ಮೇಲೇ ನೆಟ್ಟಿತ್ತು, ಮೇಷ್ಟ್ರು ಪೇಪರು ಮಡಿಸಿ ಈ ಕಡೆಯೇ ನೋಡುತ್ತಿದ್ದರು. ಬಾಯಿ ಮುಚ್ಚಿಕೊಂಡಳು. ಡಾಕ್ಟರು ಮುಂದಿನ ಮಂಚಕ್ಕೆ ಹೋದರು.

ಆದರೆ ಕೂರಲಾಗಲಿಲ್ಲ. ಬಿಸಿನೀರು ತರುವ ನೆಪ ಹೇಳಿ ಫ್ಲಾಸ್ಕು ಹಿಡಿದು ಕೆಳಗೆ ಬಂದಳು. ದಿವ್ಯ ರಿಸೆಪ್ಷನ್ನಿನ ಗಾಜಿನ ಹಿಂದೆ ಕೂತು ಬಂದವರ ಹೆಸರು ಕೇಳಿ ಚೀಟಿ ಕೊಡುತ್ತಿದ್ದಳು. ಜನ ಕರಗುವವರೆಗೆ ಗಿರಿಜಾಂಬಿಕಾ ಕಂಬದ ಪಕ್ಕ ನಿಂತಳು. ಆಮೇಲೆ ಗಾಜಿನ ತೂತಿನ ಹತ್ತಿರ ಬಗ್ಗಿ, ತನಗೇ ಕೇಳಿಸದಷ್ಟು ಮೆಲ್ಲಗೆ ಹೇಳಿದಳು.

"ಎಣ್ಣೆ ಹಚ್ಚಿದ್ದೆ ಕಣವ್ವ."

ದಿವ್ಯ ತಲೆಯೆತ್ತಿದಳು. "ಯಾವಾಗ?"

"ಆಪರೇಷನ್ ದಿನ. ಆಮೇಲೂ. ನೀನು ಒರೆಸಿ ಹೋದಾಗೆಲ್ಲ."

"ನಾನು ಕೇಳಿದ್ನಲ್ಲ ಅಮ್ಮ?"

"ನೀನು ಕೇಳಿದ್ದೆ."

ದಿವ್ಯ ಕೈಯಲ್ಲಿದ್ದ ಚೀಟಿ ಕೆಳಗಿಟ್ಟಳು. ಆಮೇಲೆ ಅವಳ ದನಿ ನಡುಗಿತು. ಅಳುವಿನಿಂದಲೋ ಸಿಟ್ಟಿನಿಂದಲೋ ಹೇಳುವುದು ಕಷ್ಟ. "ನಂಗೆ ನನ್ ಕೈ ಮೇಲೇ ಅನುಮಾನ ಬಂದೋಗಿತ್ತು. ಹಳೇ ಪ್ಯಾಡ್ ಮನೆಗೆ ತಗಂಡೋಗಿ ನಮ್ಮವ್ವನ ಕೈಗೆ ಅಂಟ್ಸಿ ಅಂಟ್ಸಿ ನೋಡ್ದೆ. ಅವ್ಳಿಗೆ ಅಂಟ್ತದೆ, ಇಲ್ಲಿ ಅಂಟಲ್ಲ. ನಾನು ಕಲ್ತಿದ್ದೇ ಸುಳ್ಳೇನೋ ಅನ್ನಿಸ್ತಿತ್ತು."

"ತಪ್ಪಾಯ್ತು ಕಣವ್ವ. ದೊಡ್ಡ ತಪ್ಪಾಯ್ತು."

"ಬೈಯೋವಾಗ ವಾರ್ಡಿಗೆಲ್ಲ ಕೇಳೋ ಹಂಗೆ ಬೈದ್ರಿ," ಅಂದಳು ದಿವ್ಯ. "ಈಗ ಗಾಜಿನ ತೂತಲ್ಲಿ ಬಂದು ಪಿಸುಗುಡ್ತಿದೀರ."

ಹಿಂದೆ ಯಾರೋ ಮಗು ಎತ್ತಿಕೊಂಡು ಬಂದು ನಿಂತರು. ದಿವ್ಯ ಅವರ ಕಡೆ ನೋಡಿ, "ಹೆಸರು ಹೇಳಿ," ಅಂದಳು.

ಮೆಟ್ಟಿಲು ಹತ್ತುತ್ತ ಗಿರಿಜಾಂಬಿಕಾ ಏನೇನೋ ಲೆಕ್ಕ ಹಾಕಿದಳು. ಡಾಕ್ಟರನ್ನು ಒಬ್ಬರನ್ನೇ ಕಂಡು ಹೇಳಿದರೆ ಸಾಕಲ್ಲ. ನಾದಿನಿ ಊರಿಗೆ ಹೋದಮೇಲೆ ಹೇಳಿದರಾಯಿತು. ಇಲ್ಲ, ಎಣ್ಣೆ ಮರುಳಪ್ಪನೇ ಹಚ್ಚಿಕೊಂಡಿದ್ದ ಅಂದರೆ? ಆ ಕೊನೆಯ ಯೋಚನೆ ಬಂದದ್ದೇ ತನಗೆ ತಾನೇ ಹೇಸಿಗೆಯಾಗಿ ಮೆಟ್ಟಿಲಲ್ಲೇ ನಿಂತಳು. ಇಂಥ ಹೆಂಗಸಾ ನಾನು? ಒಂದು ಬೈಗುಳ ತಪ್ಪಿಸಿಕೊಳ್ಳಲು ಗಂಡನ ತಲೆಗೆ ಕಟ್ಟುವವಳಾ? ಫ್ಲಾಸ್ಕು ಖಾಲಿಯೇ ಇತ್ತು. ಅದನ್ನು ಹಿಡಿದುಕೊಂಡು ಮೇಲೆ ಹೋದಳು.

ರೋಗಿಗಳನ್ನು ನೋಡಲು ಜನ ಬರುವ ಹೊತ್ತು. ವಾರ್ಡು ತುಂಬಿತ್ತು. ಡಾಕ್ಟರ್ ರುದ್ರೇಶ್ ಇನ್ನೂ ಕೊನೆಯ ಮಂಚದ ಹತ್ತಿರವೇ ಇದ್ದರು. ಗಿರಿಜಾಂಬಿಕಾ ಗಂಡನ ಮಂಚದ ಕಾಲ ಬಳಿ ನಿಂತು, "ಡಾಕ್ಟ್ರೇ," ಎಂದು ಕೂಗಿದಳು. ದನಿ ಬೇಕಾದ್ದಕ್ಕಿಂತ ಜೋರಾಗಿಯೇ ಬಂತು. ಎಲ್ಲರೂ ತಿರುಗಿದರು.

"ಆ ಹುಡ್ಗಿ ಕೈದು ತಪ್ಪಿಲ್ಲ. ನಮ್ಮೋರ ಕೈಕಾಲಿಗೆ ನಾನು ಎಣ್ಣೆ ಹಚ್ತಿದ್ದೆ. ಹಚ್ಬೇಡಿ ಅಂತ ಮೊದ್ಲೇ ಹೇಳಿದ್ಲು. ಆಮೇಲೆ ಕೇಳಿದ್ಲು, ನಾನು ಸುಳ್ಳು ಹೇಳ್ದೆ. ಬೆವರು ಅಂದೆ. ಇವತ್ತು ಸೋಪಾಕಿ ತೊಳ್ದೆ, ಅದಕ್ಕೇ ಅಂಟ್ತು. ನನ್ ಕೈಗುಣ ಏನೂ ಇಲ್ಲ."

ಡಾಕ್ಟರ ಮುಖ ಕೆಂಪಾಯಿತು. ಸಿಟ್ಟು ಸ್ವಲ್ಪ, ಉಳಿದದ್ದು ಬೇರೆ ಏನೋ. ದಿವ್ಯಳನ್ನು ಒಂದು ಮಾತು ಕೇಳದೆ ಕೆಳಗೆ ಕಳಿಸಿದವರು ಅವರೇ ತಾನೆ. ಮರುಳಪ್ಪ ಗೋಡೆಯ ಕಡೆ ಮುಖ ಮಾಡಿಕೊಂಡು, "ನಂಗೂ ಗೊತ್ತಿತ್ತು. ನಾನೂ ಬಾಯ್ ಬಿಡ್ಲಿಲ್ಲ," ಎಂದು ಗೊಣಗಿದ.

ಶಿವಗಂಗಮ್ಮ ಅತ್ತಿತ್ತ ನೋಡಿ, ಮನೆಯ ಮಾನ ಉಳಿಸುವವಳ ಹಾಗೆ ನಕ್ಕಳು. "ಅಯ್ಯೋ ಬುಡು ಅತ್ಗೆ, ಎಣ್ಣೆ ತಾನೆ? ವಿಷ ಏನ್ ಹಚ್ಲಿಲ್ವಲ್ಲ. ಗೊತ್ತಿಲ್ದೆ ಆಗಿದ್ದು. ಅದಕ್ಯಾಕೆ ಇಷ್ಟು ರಂಪ?"

ಅದೊಂದು ದಾರಿ. ಹೂಂ ಅಂದಿದ್ದರೆ ಎಲ್ಲರೂ ನಕ್ಕು ಹಗುರಾಗುತ್ತಿದ್ದರು. ಗಿರಿಜಾಂಬಿಕಾ ತಲೆ ಅಲ್ಲಾಡಿಸಿದಳು.

"ಎಣ್ಣೆ ಹಚ್ಚಿದ್ರೆ ಹಿಂಗಾಯ್ತದೆ ಅಂತ ಗೊತ್ತಿಲ್ದೆ ಹಚ್ಚಿದೆ ಶಿವಗಂಗಾ. ಹಟ್ಟಿಯೋರು, ಕುರಿ ಹಿಂದೆ ತಿರುಗೋರು ಅಂತ ಅಂದೆನಲ್ಲ, ಅದು ಗೊತ್ತಿದ್ದೇ ಅಂದೆ. ಎಲ್ಲಿ ಚುಚ್ಚಿದ್ರೆ ಅವಳಿಗೆ ನೋವಾಯ್ತದೆ ಅಂತ ನಂಗೆ ಗೊತ್ತಿತ್ತು. ಹುಡುಕ್ಕಂಡು ಅಲ್ಲೇ ಚುಚ್ಚಿದೆ."

ಹೇಳಿ ಮುಗಿಸಿ ಮಂಚದ ಕಂಬಿ ಹಿಡಿದುಕೊಂಡಳು. ಆ ಮಾತನ್ನು ಬೆಳಿಗ್ಗೆ ಕೇಳಿದ್ದ ಜನವೇ ಅಲ್ಲಿ ಇದ್ದದ್ದು. ಆಗ ಯಾರೂ ತಪ್ಪು ಅಂದಿರಲಿಲ್ಲ. ಈಗ ಒಬ್ಬೊಬ್ಬರೂ ಕಣ್ಣು ತಪ್ಪಿಸಿ ತಮ್ಮ ತಮ್ಮ ರೋಗಿಯ ಹೊದಿಕೆ ಸರಿಮಾಡತೊಡಗಿದರು. ಮೇಷ್ಟ್ರು ಪೇಪರನ್ನು ಮತ್ತೆ ಬಿಚ್ಚಿ ಮುಖಕ್ಕೆ ಅಡ್ಡ ಹಿಡಿದರು.

ಡಾಕ್ಟರು ಫೋನಿನಲ್ಲಿ ಕೆಳಗೆ ಮಾತಾಡಿದರು. ದಿವ್ಯ ಬಂದಳು. ಬಾಗಿಲಲ್ಲೇ ಒಬ್ಬ ನರ್ಸು ಅವಳನ್ನು ತಡೆದು ಕಿವಿಯಲ್ಲಿ ಏನೋ ಹೇಳಿದಳು. ನಡೆದದ್ದನ್ನೆಲ್ಲ ಹೇಳಿದಳೆಂದು ಕಾಣುತ್ತದೆ, ಬಹಳ ಹೊತ್ತು ಹಿಡಿಯಿತು. ಡಾಕ್ಟರು, "ದಿವ್ಯ, ಬೆಳಿಗ್ಗೆ ನಾನು ನಿನ್ನನ್ನ ಕೇಳಬೇಕಿತ್ತು," ಅಂದರು. ಅವಳು "ಸರಿ ಸರ್" ಎಂದಷ್ಟೇ ಅಂದು ಟ್ರೇ ಎತ್ತಿಕೊಂಡಳು. ಮೊದಲು ಮೇಷ್ಟ್ರ ಹತ್ತಿರ ಹೋಗಿ ಅವರ ಪ್ಯಾಡು ಬದಲಿಸಿದಳು. ಆಮೇಲೆ ಈ ಕಡೆ ಬಂದಳು.

ಗಿರಿಜಾಂಬಿಕಾ ದಾರಿಗೆ ಅಡ್ಡ ನಿಂತು ಕೈ ಮುಗಿದಳು. "ಎಲ್ಲರ ಮುಂದೆ ಹೇಳಿದೀನಿ ಕಣವ್ವ," ಅಂದಳು. ಹೇಳಿ ಕಾದಳು. ಹೋಗ್ಲಿ ಬಿಡಿ ಅಮ್ಮ ಅನ್ನುತ್ತಾಳೆ ಎಂಬ ಆಸೆ ಇತ್ತು. ಹಿರಿಯಳೊಬ್ಬಳು ಕೈ ಮುಗಿದರೆ ಕಿರಿಯರು ಹಾಗೆ ಅನ್ನುವುದು ವಾಡಿಕೆ.

"ಕೇಳಿಸ್ತು ಅಮ್ಮ," ಅಂದಳು ದಿವ್ಯ. "ಒಂಚೂರು ಆಚೆ ನಿಂತ್ಕಳಿ. ಮಂಚದ ಹತ್ರ ನಂಗೆ ಜಾಗ ಬೇಕು."

ಗಿರಿಜಾಂಬಿಕಾ ಹಿಂದೆ ಸರಿದು ಗೋಡೆಗೆ ಒತ್ತಿ ನಿಂತಳು. ದಿವ್ಯ ಮರುಳಪ್ಪನ ಕೈಯನ್ನು ತನ್ನ ಕೈಗೆ ತೆಗೆದುಕೊಂಡು ನಿಧಾನವಾಗಿ ಒರೆಸಿದಳು, ಪ್ಯಾಡು ಕೂರಿಸಿದಳು, ಗುಂಡಿ ತಿರುಗಿಸಿದಳು. "ಜಾಸ್ತಿ ಆದ್ರೆ ಹೇಳಿ ಯಜಮಾನ್ರೇ," ಅಂದಳು. ಮೇಷ್ಟ್ರಿಗೆ ಹೇಳಿದ ದನಿಯಲ್ಲೇ ಹೇಳಿದಳು. ಅದರಲ್ಲಿ ಸಿಟ್ಟು ಇರಲಿಲ್ಲ. ಒಂದಿಷ್ಟು ಸಿಟ್ಟು ಇದ್ದಿದ್ದರೆ ಗಿರಿಜಾಂಬಿಕಾಗೆ ಅಲ್ಲಿ ನಿಲ್ಲುವುದು ಅಷ್ಟು ಕಷ್ಟವಾಗುತ್ತಿರಲಿಲ್ಲ.